ಮುಪ್ಪಿನ ದನಿ, ಹಳೆಯ ಕಿವಿ

2025ರ ಜುಲೈ 5ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮಧ್ಯಾಹ್ನದಿಂದಲೇ ಒಂದರ ಹಿಂದೊಂದು ತಂಡ ಬಂದು ಹಾಡಿ ಹೋಗಿತ್ತು. ಕೊನೆಗೆ ವೇದಿಕೆಯ ಅಡಿಯಿಂದ ಒಂದು ಕಪ್ಪು ಸಿಂಹಾಸನ ನಿಧಾನವಾಗಿ ಮೇಲೆದ್ದು ಬಂತು. ಅದರಲ್ಲಿ ಕುಳಿತಿದ್ದವರು ಎಪ್ಪತ್ತಾರು ವರ್ಷದ ಓಜಿ ಓಸ್ಬೋರ್ನ್. ಒಂದು ಕಾಲದಲ್ಲಿ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತ, ಕುಪ್ಪಳಿಸುತ್ತ ಹಾಡಿದ ಮನುಷ್ಯ. ಈಗ ಪಾರ್ಕಿನ್ಸನ್ ಕಾಯಿಲೆ ಮತ್ತು ಮೇಲಿಂದ ಮೇಲೆ ನಡೆದ ಶಸ್ತ್ರಚಿಕಿತ್ಸೆಗಳು ಅವರ ನಡೆಯುವ ಶಕ್ತಿಯನ್ನೇ ಕಸಿದಿದ್ದವು. ಕೈಗಳು ಮಾತ್ರ ಹಳೆಯ ಹುರುಪಿನಲ್ಲಿ ಮೇಲೇಳುತ್ತಿದ್ದವು.

ಸೇರಿದ್ದ ಜನಕ್ಕೆ ಇದೆಲ್ಲ ಮೊದಲೇ ಗೊತ್ತಿತ್ತು. ಅವರಲ್ಲಿ ಅನೇಕರು ಈ ಗಾಯಕನನ್ನು ಇಪ್ಪತ್ತು, ಮೂವತ್ತು, ಐವತ್ತು ವರ್ಷಗಳ ಹಿಂದೆ ಕೇಳಿದ್ದವರು. ಆಗಿನ ದನಿ ಈಗಿಲ್ಲ ಎಂಬುದನ್ನು ತಿಳಿದೇ ಬಂದಿದ್ದರು. ಒಳ್ಳೆಯ ದನಿಯೇ ಬೇಕಿದ್ದರೆ ಮನೆಯಲ್ಲಿ ಧ್ವನಿಮುದ್ರಿಕೆಗಳಿದ್ದವು. ಹಾಗಿದ್ದರೂ ಅಷ್ಟು ಜನ ಬಂದದ್ದು ಏಕೆ? ಮುಪ್ಪಾದ ಹಾಡುಗಾರನನ್ನು ವರ್ಷಗಳ ನಂತರ ಮತ್ತೆ ಕೇಳಲು ಹೋಗುವವನು ನಿಜವಾಗಿ ಏನನ್ನು ಕೇಳುತ್ತಾನೆ? ರಾಕ್ ಸಂಗೀತದ ಮೊದಲ ತಲೆಮಾರುಗಳು ಎಂಬತ್ತರ ಗಡಿ ಮುಟ್ಟಿರುವ ಈ ಹೊತ್ತಿನಲ್ಲಿ ಇದು ಒಬ್ಬ ಗಾಯಕನಿಗಷ್ಟೇ ಸೇರಿದ ಪ್ರಶ್ನೆಯಾಗಿ ಉಳಿದಿಲ್ಲ.

ಕಾರ್ಖಾನೆಗಳ ಊರು

ವಿಲ್ಲಾ ಪಾರ್ಕ್ ಇರುವುದು ಆಸ್ಟನ್ ಎಂಬ ಭಾಗದಲ್ಲಿ. 1948ರ ಡಿಸೆಂಬರ್ 3ರಂದು ಹುಟ್ಟಿದ ಓಜಿ ಬೆಳೆದದ್ದು ಅಲ್ಲಿಯೇ. ಆರು ಮಕ್ಕಳ ಕಾರ್ಮಿಕ ಕುಟುಂಬ. ಹುಡುಗನಾಗಿದ್ದಾಗ ಪಂದ್ಯ ನೋಡಲು ಬರುವವರ ಕಾರುಗಳನ್ನು ಕಾದು ಚಿಲ್ಲರೆ ಕಾಸು ಗಳಿಸುತ್ತಿದ್ದುದನ್ನು ಅವರು ಮುಂದೆ ನೆನೆಸಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಕಾರ್ಖಾನೆಯಲ್ಲಿ ಕಾರಿನ ಹಾರ್ನ್‌ಗಳ ಸ್ವರ ಸರಿಪಡಿಸುವ ಕೆಲಸ, ಆಮೇಲೆ ಕಸಾಯಿಖಾನೆಯ ಕೆಲಸ, ನಡುವೆ ಕಳ್ಳತನಕ್ಕಾಗಿ ಕೆಲವು ವಾರಗಳ ಸೆರೆವಾಸ. ಬೀಟಲ್ಸ್ ತಂಡದ ಹಾಡು ಕೇಳಿ ತಾನೂ ಹಾಡುಗಾರನಾಗಬೇಕೆಂದುಕೊಂಡ ಹುಡುಗನ ಮುಂದೆ ಇದ್ದ ಬೇರೆ ದಾರಿಗಳು ಇಷ್ಟೇ.

ಜೊತೆಗಾರರೂ ಅದೇ ಊರಿನವರು. ಗಿಟಾರ್ ನುಡಿಸುತ್ತಿದ್ದ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಚರಾದ ಅವರಿಗೆ ತಂತಿ ಒತ್ತಲು ಬೇಕಾದ ಕೈ ಅದೇ. ಅವರು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡರು. ತೆಳು ತಂತಿಗಳನ್ನು ಕಟ್ಟಿದರು. ಮುಂದೆ ತಂತಿಗಳ ಬಿಗಿ ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದರು. 1971ರಲ್ಲಿ ಬಂದ ತಂಡದ ಮೂರನೆಯ ಆಲ್ಬಂನ ಕೆಲವು ಹಾಡುಗಳಲ್ಲಿ ಗಿಟಾರ್ ಮೂರು ಸ್ವರಸ್ಥಾನ ಕೆಳಗಿದೆ. ಬೆರಳ ನೋವು ತಪ್ಪಿಸಲು ಮಾಡಿಕೊಂಡ ಈ ಉಪಾಯದಿಂದ ಭಾರವಾದ, ಗವ್ವೆನ್ನುವ ನಾದವೊಂದು ಹುಟ್ಟಿತು. ಹೆವಿ ಮೆಟಲ್ ಎಂದು ಜಗತ್ತು ಕರೆದ ಸಂಗೀತದ ಗುರುತೇ ಅದಾಯಿತು. ಗೀಜರ್ ಬಟ್ಲರ್ ಮತ್ತು ಬಿಲ್ ವಾರ್ಡ್ ಸೇರಿ ನಾಲ್ವರ ಆ ತಂಡಕ್ಕೆ ಬ್ಲ್ಯಾಕ್ ಸಬಾತ್ ಎಂಬ ಹೆಸರು ಬಂತು. ಅವರ ಮೊದಲ ಆಲ್ಬಂ ಹೆಚ್ಚು ಕಡಿಮೆ ಒಂದೇ ದಿನದಲ್ಲಿ ಮುದ್ರಣಗೊಂಡು 1970ರ ಫೆಬ್ರವರಿಯಲ್ಲಿ ಹೊರಬಂತು. ಅದೇ ವರ್ಷ ಬಂದ ಎರಡನೆಯದು ‘ಪ್ಯಾರನಾಯ್ಡ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಓಜಿಯವರದು ಶಾಸ್ತ್ರ ಕಲಿತ ಗಾಯನವಲ್ಲ. ಮೂಗಿನಿಂದ ಹೊರಡುವಂಥ, ಎತ್ತರದ, ಸ್ವಲ್ಪ ಅಳುಕಿದಂತೆ ಕೇಳುವ ದನಿ. ‘ಐರನ್ ಮ್ಯಾನ್’ ಹಾಡಿನಲ್ಲಂತೂ ಅವರು ಗಿಟಾರಿನ ಜಾಡನ್ನೇ ಹಿಡಿದು ಹಾಡುತ್ತಾರೆ, ಎರಡೂ ಒಂದೇ ಗೆರೆಯಲ್ಲಿ ಸಾಗುತ್ತವೆ. ಈ ಸರಳತೆಯಿಂದಲೇ ಕೇಳಿದವರಿಗೆಲ್ಲ ತಾವೂ ಹಾಡಬಹುದು ಎನ್ನಿಸುತ್ತಿತ್ತು. ಕಾರ್ಖಾನೆಯ ಹುಡುಗರಿಗೆ ಅದು ತಮ್ಮಲ್ಲೇ ಒಬ್ಬನ ದನಿಯಾಗಿತ್ತು.

ಮುಪ್ಪನ್ನು ಲೆಕ್ಕಕ್ಕೆ ಹಿಡಿಯದ ಸಂಗೀತ

ರಾಕ್ ಸಂಗೀತ ಹುಟ್ಟಿದ್ದೇ ಹದಿಹರೆಯದವರ ಸಂಗೀತವಾಗಿ. ಹಿರಿಯರ ಶಿಸ್ತು, ಹಿರಿಯರ ಉಡುಪು, ಹಿರಿಯರ ಲೆಕ್ಕಾಚಾರ ಇವೆಲ್ಲಕ್ಕೆ ಬೆನ್ನು ತಿರುಗಿಸುವುದು ಅದರ ಧರ್ಮ. 1965ರಲ್ಲಿ ‘ದಿ ಹೂ’ ತಂಡದ ಪೀಟ್ ಟೌನ್ಶೆಂಡ್, ತನಗಿನ್ನೂ ಇಪ್ಪತ್ತು ವರ್ಷವಾಗಿದ್ದಾಗ, ಮುದುಕನಾಗುವ ಮೊದಲೇ ಸಾಯಬೇಕೆಂಬ ಆಸೆಯನ್ನು ಹಾಡಾಗಿಸಿದರು. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್ ಮೂವರೂ 1970 ಮತ್ತು 1971ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಹೋದರು. ಟೌನ್ಶೆಂಡ್ ಮಾತ್ರ ಬದುಕಿ ಎಂಬತ್ತು ದಾಟಿದರು. ಮಿಕ್ ಜಾಗರ್ 2024ರಲ್ಲಿ ಎಂಬತ್ತರ ವಯಸ್ಸಿನಲ್ಲಿ ಅಮೆರಿಕದ ಊರೂರು ತಿರುಗಿ ಹಾಡಿದರು. ಪಾಲ್ ಮೆಕಾರ್ಟ್ನಿ 2022ರಲ್ಲಿ ಎಂಬತ್ತು ತುಂಬಿದ ಮರುವಾರವೇ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆ ಏರಿದರು.

ಸಂಗೀತಗಾರರಿಗೆ ವಯಸ್ಸಾಗುವುದು ಹೊಸ ಸಂಗತಿಯಲ್ಲ. ಆದರೆ ಮುಪ್ಪಿಗೆ ಜಾಗವಿಟ್ಟ ಪರಂಪರೆ ಬೇರೆ, ಇಡದ ಪರಂಪರೆ ಬೇರೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ದೇಶದಾದ್ಯಂತ ಹೆಸರು ಬಂದದ್ದು ಅರವತ್ತರ ಆಸುಪಾಸಿನ ನಂತರ. ಗಂಗೂಬಾಯಿ ಹಾನಗಲ್ಲರ ದನಿ ಗಂಟಲ ಚಿಕಿತ್ಸೆಯ ನಂತರ ಗಡುಸಾಯಿತು. ರಸಿಕರು ಆ ಗಡಸು ದನಿಯನ್ನೇ ಅವರ ಹೆಗ್ಗುರುತು ಎಂದು ಒಪ್ಪಿಕೊಂಡರು. ನಮ್ಮ ಪದ್ಧತಿಯಲ್ಲಿ ಹಾಡುವವರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಇಟ್ಟುಕೊಳ್ಳುತ್ತಾರೆ. ವಯಸ್ಸಾದಂತೆ ಅದನ್ನು ಇಳಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ರಾಗವನ್ನು ಪ್ರತಿ ಸಲ ಹೊಸದಾಗಿ ಬೆಳೆಸಬೇಕಾದ್ದರಿಂದ, ಕಳೆದ ಸಲ ಹಾಡಿದ್ದೇ ಅಸಲು ಎಂಬ ಹಟವೂ ಇರುವುದಿಲ್ಲ.

ರಾಕ್‌ನಲ್ಲಿ ಅಸಲು ಒಂದಿದೆ, ಅದು ಧ್ವನಿಮುದ್ರಿಕೆ. ‘ಪ್ಯಾರನಾಯ್ಡ್’ ಹಾಡು ಮೂರು ನಿಮಿಷವೂ ಇಲ್ಲ. ಆಲ್ಬಂನಲ್ಲಿ ಉಳಿದ ಜಾಗ ತುಂಬಲು ಅವಸರದಲ್ಲಿ ಕಟ್ಟಿದ್ದು. 1970ರಲ್ಲಿ ಅದನ್ನು ಹಾಡಿದಾಗ ಓಜಿಗೆ ಇಪ್ಪತ್ತೊಂದು ವರ್ಷ. ಅದರ ಶ್ರುತಿ, ವೇಗ, ಉಸಿರು ತೆಗೆದುಕೊಂಡ ಜಾಗ ಎಲ್ಲವೂ ಅಂದೇ ನಿಂತುಬಿಟ್ಟವು. ಲಕ್ಷಾಂತರ ಮನೆಗಳಲ್ಲಿ ಅದು ಸಾವಿರ ಸಲ ತಿರುಗಿತು, ಪ್ರತಿ ಸಲವೂ ಇಪ್ಪತ್ತೊಂದರ ಹುಡುಗನೇ ಹಾಡಿದ. ಹಾಡಿದವನಿಗೂ ಕೇಳಿದವರಿಗೂ ವಯಸ್ಸಾಗುತ್ತ ಹೋಯಿತು, ಮುದ್ರಿಕೆಗೆ ಆಗಲಿಲ್ಲ. ಹೀಗಾಗಿ ಮುದಿ ರಾಕ್ ಗಾಯಕ ವೇದಿಕೆಗೆ ಬಂದಾಗ ಅವನಿಗೆ ಎದುರಾಳಿಯಾಗಿ ನಿಲ್ಲುವುದು ತನ್ನದೇ ಹಳೆಯ ದನಿ.

ಕಂಠಕ್ಕೆ ಏನಾಗುತ್ತದೆ?

ಮನುಷ್ಯನ ದನಿ ಹುಟ್ಟುವುದು ಗಂಟಲಿನಲ್ಲಿರುವ ಎರಡು ಪುಟ್ಟ ಧ್ವನಿತಂತುಗಳ ಕಂಪನದಿಂದ. ಹೆಸರಿಗೆ ತಂತುಗಳಾದರೂ ಅವು ಸ್ನಾಯು ಮತ್ತು ಮೆತ್ತನೆಯ ಪೊರೆಗಳ ಮಡಿಕೆಗಳು. ಶ್ವಾಸಕೋಶದಿಂದ ಬರುವ ಗಾಳಿ ಅವುಗಳನ್ನು ಅದುರಿಸುತ್ತದೆ. ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ಪೊರೆ ಬಿರುಸಾಗುತ್ತದೆ, ಸುತ್ತಲಿನ ಮೃದ್ವಸ್ಥಿ ಎಲುಬಿನಂತೆ ಗಟ್ಟಿಯಾಗುತ್ತದೆ. ಮಡಿಕೆಗಳೆರಡೂ ಸರಿಯಾಗಿ ಕೂಡದೆ ನಡುವೆ ಗಾಳಿ ಸೋರುತ್ತದೆ. ಶ್ವಾಸಕೋಶದ ಕಸುವೂ ಕುಗ್ಗುವುದರಿಂದ ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುವುದು ಕಷ್ಟ. ಗಾಯಕರಿಗೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಮೇಲಿನ ಸ್ವರಗಳು. ರಾಕ್ ಹಾಡುಗಳ ಕಟ್ಟಡ ನಿಂತಿರುವುದು ಆ ಸ್ವರಗಳ ಮೇಲೆಯೇ.

ಪಾರ್ಕಿನ್ಸನ್ ಕಾಯಿಲೆ ಇದಕ್ಕೆ ಇನ್ನೊಂದು ಹೊರೆ ಹೇರುತ್ತದೆ. ದೇಹದ ಚಲನೆಗಳೆಲ್ಲ ಚಿಕ್ಕದಾಗುವುದು ಆ ಕಾಯಿಲೆಯ ಸ್ವಭಾವ. ಹೆಜ್ಜೆ ಚಿಕ್ಕದಾಗುತ್ತದೆ, ಬರವಣಿಗೆ ಚಿಕ್ಕದಾಗುತ್ತದೆ, ದನಿಯೂ ಸಣ್ಣಗಾಗಿ ಏರಿಳಿತ ಕಳೆದುಕೊಳ್ಳುತ್ತದೆ. ಮಾತನಾಡುವವನಿಗೆ ತಾನು ಸಾಕಷ್ಟು ಜೋರಾಗಿಯೇ ಮಾತನಾಡುತ್ತಿದ್ದೇನೆ ಎನ್ನಿಸುತ್ತಿರುತ್ತದೆ, ಎದುರಿಗಿದ್ದವನಿಗೆ ಕೇಳಿಸುವುದಿಲ್ಲ. 2020ರ ಜನವರಿಯಲ್ಲಿ ಓಜಿ ತಮ್ಮ ಕಾಯಿಲೆಯನ್ನು ಬಹಿರಂಗವಾಗಿ ಹೇಳಿಕೊಂಡರು. ಅದಕ್ಕೂ ಹಿಂದಿನ ವರ್ಷ ಮನೆಯಲ್ಲಿ ಬಿದ್ದದ್ದರಿಂದ ಹಳೆಯ ಅಪಘಾತದ ಪೆಟ್ಟು ಮರುಕಳಿಸಿ ಕುತ್ತಿಗೆ, ಬೆನ್ನುಗಳಿಗೆ ಶಸ್ತ್ರಚಿಕಿತ್ಸೆಗಳಾಗಿದ್ದವು. ಕುಳಿತು ಹಾಡುವವನಿಗೆ ಹೊಟ್ಟೆ, ಎದೆಗಳಿಂದ ಪೂರ್ತಿ ಉಸಿರು ಎಳೆದುಕೊಳ್ಳುವುದೂ ಸುಲಭವಲ್ಲ.

ಇದನ್ನೆಲ್ಲ ನಿಭಾಯಿಸಲು ಹಿರಿಯ ಗಾಯಕರ ತಂಡಗಳಲ್ಲಿ ಹಲವು ಉಪಾಯಗಳಿವೆ. ಇಡೀ ಹಾಡಿನ ಶ್ರುತಿಯನ್ನು ಒಂದೆರಡು ಸ್ವರಸ್ಥಾನ ಇಳಿಸುವುದು, ವೇಗದ ಹಾಡಿನ ಬೆನ್ನಿಗೆ ನಿಧಾನದ್ದನ್ನು ಇಡುವುದು, ಗಿಟಾರ್ ವಾದನವನ್ನು ಉದ್ದ ಮಾಡಿ ಗಾಯಕನಿಗೆ ಬಿಡುವು ಕೊಡುವುದು, ಮೇಲಿನ ಸ್ವರಗಳನ್ನು ಸಹಗಾಯಕರಿಗೆ ಬಿಡುವುದು, ಪಲ್ಲವಿ ಬಂದಾಗ ಮೈಕನ್ನು ಜನರತ್ತ ತಿರುಗಿಸುವುದು. ಬಾಬ್ ಡಿಲನ್ ಹಿಡಿದ ದಾರಿಯೇ ಬೇರೆ. ಅವರು ಹಳೆಯ ಹಾಡುಗಳ ಧಾಟಿಯನ್ನೇ ಬದಲಿಸಿ, ಮುದ್ರಿಕೆಯೊಂದಿಗೆ ಹೋಲಿಸುವ ಅವಕಾಶವನ್ನೇ ಕೇಳುಗನಿಗೆ ಕೊಡುವುದಿಲ್ಲ. ಕೆನಡಾದ ಕವಿ, ಗಾಯಕ ಲೆನರ್ಡ್ ಕೋಹೆನ್ 2008ರಲ್ಲಿ, ಹದಿನೈದು ವರ್ಷಗಳ ಬಿಡುವಿನ ನಂತರ, ಎಪ್ಪತ್ಮೂರರ ಪ್ರಾಯದಲ್ಲಿ ಮರಳಿ ಬಂದಾಗ ಅವರ ದನಿ ಪಾತಾಳಕ್ಕಿಳಿದಿತ್ತು. ಮಾತಿಗೆ ಹತ್ತಿರವಾದ ಅವರ ಹಾಡುಗಳಿಗೆ ಆ ದನಿ ಹೊಸ ತೂಕವನ್ನೇ ತಂದಿತು. ಅರಚಾಟ, ಓಡಾಟ, ಅಬ್ಬರಗಳನ್ನೇ ನಂಬಿದ ಹೆವಿ ಮೆಟಲ್ ಗಾಯಕನಿಗೆ ಈ ಎರಡು ದಾರಿಗಳೂ ಇರಲಿಲ್ಲ.

ವಿದಾಯಗಳ ವ್ಯಾಪಾರ

ಹಿರಿಯ ರಾಕ್ ಗಾಯಕರ ಪ್ರವಾಸಗಳನ್ನು ಅನುಮಾನದಿಂದ ನೋಡುವವರೂ ಇದ್ದಾರೆ, ಅದಕ್ಕೆ ಕಾರಣವೂ ಇದೆ. ‘ದಿ ಹೂ’ ತಂಡ 1982ರಲ್ಲಿ ವಿದಾಯದ ಪ್ರವಾಸ ಮಾಡಿ 1989ರಲ್ಲಿ ಮತ್ತೆ ಬಂತು. ಓಜಿಯವರೇ 1992ರಲ್ಲಿ ‘ಇನ್ನು ಪ್ರವಾಸವಿಲ್ಲ’ ಎಂಬ ಅರ್ಥದ ಹೆಸರಿಟ್ಟು ಪ್ರವಾಸ ಹೊರಟು, 1995ರಲ್ಲಿ ಮರಳಿದರು. 2018ರಲ್ಲಿ ಅದೇ ಹೆಸರಿನ ಎರಡನೆಯ ಕಂತು ಶುರುವಾಯಿತು. ಬ್ಲ್ಯಾಕ್ ಸಬಾತ್ ತಂಡವೂ 2017ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ‘ಕೊನೆ’ ಎಂದು ಹೇಳಿ ಮುಗಿಸಿತ್ತು. ಜನ ಧ್ವನಿಮುದ್ರಿಕೆ ಕೊಳ್ಳುವುದನ್ನು ಕಡಿಮೆ ಮಾಡಿದ ಮೇಲೆ ವೇದಿಕೆಯೇ ಸಂಗೀತಗಾರರ ದೊಡ್ಡ ಆದಾಯವಾಯಿತು. ಹಳೆಯ ನೆನಪಿಗೆ ದುಬಾರಿ ಟಿಕೆಟ್ ಕೊಳ್ಳುವ ಶಕ್ತಿ ಇರುವುದೂ ಐವತ್ತು ದಾಟಿದ ಕೇಳುಗರಿಗೇ. ನೆನಪನ್ನು ಮಾರುವುದು ಲಾಭದ ಕಸುಬು.

ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವಿದೆ. ದಣಿದ ಮುದುಕನನ್ನು ವೇದಿಕೆಗೆ ಎಳೆದು ತಂದು ಅವನ ದುರ್ಬಲತೆಯನ್ನು ನೋಡಲು ಹಣ ಕೊಡುವುದು ಕ್ರೌರ್ಯವಲ್ಲವೇ ಎಂಬುದು. ಇದಕ್ಕೆ ಎಲ್ಲ ಸಂದರ್ಭಗಳಿಗೂ ಸಲ್ಲುವ ಉತ್ತರವಿಲ್ಲ. ಹಾಡುವ ಆಸೆ ಯಾರದು, ಹಾಡುಗಾರನದೋ ಅವನ ಸುತ್ತಲಿನವರದೋ ಎಂಬುದನ್ನು ನೋಡಬೇಕಾಗುತ್ತದೆ. 2023ರ ಫೆಬ್ರವರಿಯಲ್ಲಿ ಓಜಿ, ದೇಹ ಪ್ರವಾಸಕ್ಕೆ ಒಪ್ಪುತ್ತಿಲ್ಲವೆಂದು ಹೇಳಿ ಯೂರೋಪಿನ ಕಾರ್ಯಕ್ರಮಗಳನ್ನು ರದ್ದು ಮಾಡಿದ್ದರು. ತಮ್ಮ ಜನರಿಗೆ ಸರಿಯಾಗಿ ವಿದಾಯ ಹೇಳದೆ ಹೋಗಬೇಕಾಯಿತಲ್ಲ ಎಂಬ ಕೊರಗು ಅವರಲ್ಲಿ ಉಳಿದಿತ್ತು. ವಿಲ್ಲಾ ಪಾರ್ಕಿನ ಕಾರ್ಯಕ್ರಮ ಏರ್ಪಟ್ಟದ್ದು ಆ ಕೊರಗು ನೀಗಲೆಂದು. ಅದರ ಗಳಿಕೆಯನ್ನು ಪಾರ್ಕಿನ್ಸನ್ ಸಂಶೋಧನೆಗೆ, ಊರಿನ ಮಕ್ಕಳ ಆಸ್ಪತ್ರೆಗೆ ಮತ್ತು ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಮೀಸಲಿಡಲಾಯಿತು.

ಆ ಸಂಜೆ

ಅಂದು ಹಾಡಿದ ತಂಡಗಳಲ್ಲಿ ಮೆಟಾಲಿಕಾ ಒಂದು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಅದನ್ನು ಕೇಳಿದವರಿಗೆ ಆ ತಂಡದ ಪರಿಚಯ ಬೇಕಿಲ್ಲ. ಕ್ಯಾಸೆಟ್‌ಗಳ ಕಾಲದಿಂದ ಈ ಸಂಗೀತವನ್ನು ಹಚ್ಚಿಕೊಂಡ ಊರು ಬೆಂಗಳೂರು. 2011ರಲ್ಲಿ ಕುಣಿದ ಕಾಲೇಜು ಹುಡುಗರಿಗೆ ಈಗ ಸಂಸಾರದ ವಯಸ್ಸು, ಮೆಟಾಲಿಕಾದ ನಾಲ್ವರೂ ಅರವತ್ತು ದಾಟಿದವರು. ವಿಲ್ಲಾ ಪಾರ್ಕಿನಲ್ಲಿ ಅವರು ತಮ್ಮ ಹಾಡುಗಳ ಜೊತೆಗೆ ಬ್ಲ್ಯಾಕ್ ಸಬಾತ್‌ನ ಹಾಡುಗಳನ್ನೂ ಹಾಡಿದರು, ಹಿರಿಯರೆದುರು ಶಿಷ್ಯರು ಪಾಠ ಒಪ್ಪಿಸುವ ಹಾಗೆ. ಮುಪ್ಪಿಗೆ ಜಾಗವಿಡದ ಸಂಗೀತದಲ್ಲಿ ಹೀಗೆ ಗುರುವಂದನೆಯಂಥದೊಂದು ತಾನಾಗಿಯೇ ಹುಟ್ಟಿಕೊಂಡಿತು.

ಓಜಿ ಮೊದಲು ತಮ್ಮ ಸ್ವಂತ ತಂಡದೊಂದಿಗೆ ಐದು ಹಾಡು ಹಾಡಿದರು. ಆರು ವರ್ಷಗಳಿಂದ ಕುಗ್ಗಿ ಬಿದ್ದಿದ್ದೆ, ಈಗ ನನಗೆ ಏನನ್ನಿಸುತ್ತಿದೆಯೆಂದು ನಿಮಗೆ ಗೊತ್ತಾಗಲಾರದು ಎಂಬರ್ಥದ ಮಾತನಾಡಿದರು. 1991ರ ‘ಮಾಮಾ, ಐ ಆಮ್ ಕಮಿಂಗ್ ಹೋಮ್’ ನಿಧಾನದ ಹಾಡು, ಮನೆಗೆ ಮರಳುವವನ ಹಾಡು. ಹೆಂಡತಿಯನ್ನು ನೆನೆದು ಹಾಡಿದ್ದಾದರೂ, ಬೆಳೆದ ಊರಿನ ಮೈದಾನದಲ್ಲಿ ಅದರ ಅರ್ಥ ತಾನಾಗಿಯೇ ಹಿಗ್ಗಿತು. ನಿಧಾನದ ಹಾಡಿನಲ್ಲಿ ಕಂಠಕ್ಕೆ ಮರೆಯಿಲ್ಲ. ದನಿ ಅಲ್ಲಲ್ಲಿ ಒಡೆಯಿತು, ತೊಡರಿತು. ದನಿ ಸೋತ ಜಾಗದಲ್ಲೆಲ್ಲ ಮೈದಾನ ಹಾಡಿತು. ಬಹಳ ಜನ ಅಳುತ್ತಿದ್ದರು.

ಆಮೇಲೆ ಅಯೋಮಿ, ಬಟ್ಲರ್, ವಾರ್ಡ್ ಸೇರಿಕೊಂಡರು. ಮೊದಲಿನ ನಾಲ್ವರೂ ಒಟ್ಟಾಗಿ ನುಡಿಸಿ ಇಪ್ಪತ್ತು ವರ್ಷಗಳಾಗಿದ್ದವು. ನಾಲ್ಕು ಹಾಡು ಹಾಡಿದರು. ಕೊನೆಯದು ‘ಪ್ಯಾರನಾಯ್ಡ್’.

ಮನಶ್ಶಾಸ್ತ್ರಜ್ಞರು ಒಂದು ಸಂಗತಿಯನ್ನು ಬಹುಕಾಲದಿಂದ ಗುರುತಿಸಿದ್ದಾರೆ. ಹದಿಹರೆಯದಿಂದ ಇಪ್ಪತ್ತೈದರ ಆಸುಪಾಸಿನವರೆಗೆ ಕೇಳಿದ ಹಾಡುಗಳು ಉಳಿದೆಲ್ಲವುಗಳಿಗಿಂತ ಆಳವಾಗಿ ನೆನಪಿನಲ್ಲಿ ಉಳಿಯುತ್ತವೆ. ಆ ವಯಸ್ಸಿನ ಗೆಳೆಯರು, ಮೊದಲ ಸಂಬಳ, ಬಿಟ್ಟುಹೋದ ಊರು ಎಲ್ಲವೂ ಆ ಹಾಡಿಗೆ ಅಂಟಿಕೊಂಡಿರುತ್ತವೆ. ಮುದಿ ಗಾಯಕ ಬಾಯಿ ತೆರೆದಾಗ ಕೇಳುಗನ ಕಿವಿ ಎರಡು ದನಿಗಳನ್ನು ಕೇಳುತ್ತಿರುತ್ತದೆ. ಒಂದು ವೇದಿಕೆಯಿಂದ ಬರುವುದು, ಇನ್ನೊಂದು ಒಳಗಿನಿಂದ. ಹೊರಗಿನ ದನಿ ತಪ್ಪಿದ ಸ್ವರವನ್ನು ಒಳಗಿನದು ತುಂಬಿಕೊಡುತ್ತದೆ. ಎರಡರ ನಡುವೆ ಇರುವ ಅಂತರವೂ ಅದೇ ಹೊತ್ತಿಗೆ ಕೇಳಿಸುತ್ತದೆ. ಆ ಅಂತರ ಗಾಯಕನ ವಯಸ್ಸಿನದಷ್ಟೇ ಅಲ್ಲ, ಕೇಳುಗನ ವಯಸ್ಸಿನದೂ ಹೌದು. ಮುದ್ರಿಕೆ ಕೇಳಿದರೆ ಇದು ದೊರೆಯದು, ಅದರಲ್ಲಿ ಇರುವುದು ಒಂದೇ ದನಿ.

ಕಳೆದುಹೋದ ಯೌವನವನ್ನು ಮರಳಿ ಪಡೆಯಲೆಂದು ಇಂಥ ಕಾರ್ಯಕ್ರಮಕ್ಕೆ ಹೋದವರು ನಿರಾಶೆಯಿಂದ ಹಿಂದಿರುಗುವುದುಂಟು. ವಿಲ್ಲಾ ಪಾರ್ಕಿನಲ್ಲಿ ಆ ಸೋಗಿಗೆ ಎಡೆಯೇ ಇರಲಿಲ್ಲ. ಕುಳಿತ ಗಾಯಕ ತಾನು ಕುಳಿತಿರುವುದನ್ನು ಮುಚ್ಚಿಡಲಿಲ್ಲ. ಒಂದು ತಲೆಮಾರು ತನ್ನ ಮುಪ್ಪನ್ನು ಬಯಲಿನಲ್ಲಿ, ಎಲ್ಲರ ನಡುವೆ ನೋಡಿತು. ಹಾಗೆ ನೋಡಲು ಮನೆಯಲ್ಲಿ ಒಬ್ಬೊಬ್ಬರಿಗೆ ಧೈರ್ಯ ಸಾಲದು.

ಹದಿನೇಳು ದಿನಗಳ ನಂತರ, ಜುಲೈ 22ರಂದು ಓಜಿ ತೀರಿಕೊಂಡರು. ಜುಲೈ 30ರಂದು ಅವರ ಶವಯಾತ್ರೆ ಬರ್ಮಿಂಗ್‌ಹ್ಯಾಮ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ಸಾಗಿತು. ತಂಡದ ಹೆಸರನ್ನೇ ಇಟ್ಟುಕೊಂಡಿರುವ ಸೇತುವೆಯ ಬಳಿ ಹೂವಿನ ರಾಶಿ ಬಿದ್ದಿತ್ತು, ರಸ್ತೆಯ ಎರಡೂ ಬದಿ ಸಾವಿರಾರು ಜನ ನಿಂತಿದ್ದರು. ಮುಂದೆ ಮುಂದೆ ಊರಿನದೇ ಒಂದು ಹಿತ್ತಾಳೆ ವಾದ್ಯದ ಮೇಳ ನಡೆಯುತ್ತ ‘ಐರನ್ ಮ್ಯಾನ್’ ನುಡಿಸಿತು. ದನಿಯೂ ಗಿಟಾರೂ ಒಂದೇ ಗೆರೆಯಲ್ಲಿ ಸಾಗುವ ಹಾಡು ಅದು. ತುತ್ತೂರಿಗಳು ಆ ಗೆರೆಯನ್ನು ಹಿಡಿದು ಮುಂದೆ ಹೋದವು, ಹಾಡಿನ ಮಾತುಗಳು ದಾರಿಯಲ್ಲಿ ನಿಂತವರಿಗೆಲ್ಲ ಬಾಯಿಪಾಠವಾಗಿದ್ದವು.